ರಾಜಪ್ರಭುತ್ವವೂ ಪ್ರಜಾಭಿಪ್ರಾಯವೂ

2025ನೆಯ ಇಸವಿಯ ಮಾರ್ಚ್ ತಿಂಗಳಲ್ಲಿ ನೇಪಾಳದ ಮಾಜಿ ದೊರೆ ಜ್ಞಾನೇಂದ್ರರು ಕಾಠಮಂಡುವಿನ ವಿಮಾನ ನಿಲ್ದಾಣದಲ್ಲಿ ಇಳಿದಾಗ ಸಾವಿರಾರು ಮಂದಿ ಅವರನ್ನು ಎದುರ್ಗೊಂಡು, ಅರಸೊತ್ತಿಗೆಯು ಮರಳಿ ಬರತಕ್ಕದ್ದೆಂದು ಘೋಷಣೆ ಮಾಡಿದರು. ಅದೇ ತಿಂಗಳ 28ರಂದು ಅದೇ ಉದ್ದೇಶದಿಂದ ಸೇರಿದ ಸಭೆಯು ಗಲಭೆಗೆ ತಿರುಗಿ ಇಬ್ಬರು ಪ್ರಾಣವನ್ನು ಕಳೆದುಕೊಂಡರು. ಈ ಸಮಾಚಾರವನ್ನು ಓದಿದ ನಮ್ಮ ಊರುಗಳ ಸಂಭಾವಿತರಲ್ಲಿ ಕೆಲವರು, ಜನರಿಗೆ ಕಡೆಗೂ ಬೇಕಾದವನು ಅರಸನೇ, ಮಂತ್ರಿಗಳ ಕಚ್ಚಾಟವನ್ನು ಕಂಡು ಅವರು ಬೇಸತ್ತಿರುವರು ಎಂದರು. ಇನ್ನು ಕೆಲವರು, ಬೀದಿಯಲ್ಲಿ ನೆರೆದ ಗುಂಪು ಪ್ರಜೆಯಲ್ಲ, ಹುದುಗಿದ್ದ ಹಳೆಯ ಜಮೀನ್ದಾರಿಯೇ ತಲೆಯೆತ್ತಿದೆ ಎಂದರು. ಎರಡು ಪಕ್ಷದವರೂ ಮಾತನಾಡುವುದು ಪ್ರಜಾಭಿಪ್ರಾಯದ ಹೆಸರಿನಲ್ಲಿಯೇ. ಆ ಪ್ರಜೆಯನ್ನು ಯಾರಾದರೂ ಕೇಳಿದರೋ ಎಂಬ ವಿಚಾರವನ್ನು ಮಾತ್ರ ಇಬ್ಬರೂ ಎತ್ತಲಿಲ್ಲ.

ಕೇಳಲಿಲ್ಲವೆಂಬುದೇ ನಿಜ. ನೇಪಾಳದಲ್ಲಿ 2008ನೆಯ ಇಸವಿ ಮೇ 28ರಂದು ರಾಜ್ಯಾಂಗ ರಚನಾ ಸಭೆಯು 560 ಮತಗಳಿಂದ, ಕೇವಲ 4 ಮತಗಳ ವಿರೋಧದೊಡನೆ, ಅರಸೊತ್ತಿಗೆಯನ್ನು ತೆಗೆದುಹಾಕಿತು. ಆ ಸಭೆಯನ್ನು ಆರಿಸಿದವರು ಪ್ರಜೆಗಳೇ ಆದುದರಿಂದ ನಿರ್ಣಯವು ನ್ಯಾಯಬದ್ಧವಾದದ್ದೆಂಬುದರಲ್ಲಿ ಸಂದೇಹವಿಲ್ಲ. ಆದರೆ ಅರಸು ಬೇಕೋ ಬೇಡವೋ ಎಂಬ ಒಂದೇ ಪ್ರಶ್ನೆಯನ್ನು ಗೂರ್ಖದ ರೈತನ ಮುಂದೆಯಾಗಲಿ, ತರಾಯಿಯ ಕೂಲಿಯವನ ಮುಂದೆಯಾಗಲಿ ಯಾರೂ ಇಡಲಿಲ್ಲ. ಅರಸಿನ ಪಕ್ಷದವರು ಇಂದಿಗೂ ಎತ್ತಿಕೊಂಡು ಆಡುವುದು ಈ ಒಂದು ಕೊರತೆಯನ್ನೇ. ಅಷ್ಟರಿಂದ ಅವರ ವಾದವು ಸಿದ್ಧವಾಯಿತೆಂದು ನಾವು ಒಪ್ಪಲಾರೆವು. ಪ್ರಜೆಯನ್ನು ಕೇಳುವುದೆಂದರೆ ಬಾಯಲ್ಲಿ ಆಡಿದಷ್ಟು ಸುಲಭವಲ್ಲ. ಯಾರು ಕೇಳಿದರು, ಯಾವಾಗ ಕೇಳಿದರು, ಯಾವ ಮಾತಿನಲ್ಲಿ ಕೇಳಿದರು ಎಂಬುದರ ಮೇಲೆ ಉತ್ತರವು ತಿರುಗುವುದೆಂಬುದಕ್ಕೆ ಕಳೆದ 100 ವರ್ಷಗಳ ಇತಿಹಾಸದಲ್ಲಿ ಬೇಕಾದಷ್ಟು ಸಾಕ್ಷ್ಯವಿದೆ.

ಎಲ್ಲಕ್ಕಿಂತ ಹೆಚ್ಚಾಗಿ ವಿಚಾರ ಮಾಡತಕ್ಕದ್ದು ಇಟಲಿಯ ನಿದರ್ಶನ. ಅಲ್ಲಿ 1946ನೆಯ ಇಸವಿ ಜೂನ್ 2ರಂದು, ಯುದ್ಧ ಮುಗಿದು ಸುಮಾರು ಒಂದು ವರ್ಷವಾಗಿದ್ದಾಗ, ಅರಸೊತ್ತಿಗೆಯೋ ಗಣರಾಜ್ಯವೋ ಎಂದು ಪ್ರಜೆಗಳನ್ನು ಕೇಳಲಾಯಿತು. ದೇಶದ ಸ್ತ್ರೀಯರು ರಾಷ್ಟ್ರಮಟ್ಟದ ಮತದಾನದಲ್ಲಿ ಭಾಗವಹಿಸಿದ್ದು ಅದೇ ಮೊದಲು. ಗಣರಾಜ್ಯಕ್ಕೆ 1,27,17,923 ಮತಗಳೂ ಅರಸೊತ್ತಿಗೆಗೆ 1,07,19,284 ಮತಗಳೂ ಬಂದವು. ನೂರಕ್ಕೆ 54 ಒಂದು ಕಡೆ, 46ಕ್ಕೆ ಸಮೀಪ ಇನ್ನೊಂದು ಕಡೆ. ಅಂತರವು 20 ಲಕ್ಷಕ್ಕೆ ತುಸು ಕಡಮೆ.

ಈ ಅಂಕಿಗಳನ್ನು ಕಂಡು, ಇಟಲಿಯ ಜನರು ಅರಸೊತ್ತಿಗೆಯೆಂಬ ಪದ್ಧತಿಯನ್ನೇ ತೂಗಿ ನೋಡಿ ಬೇಡವೆಂದರೆಂದು ಹೇಳುವುದು ಸರಿಯಲ್ಲ. ಅವರು ತೂಗಿದ್ದು ಸವೋಯ್ ಮನೆತನದ ನಡತೆಯನ್ನು. ವಿಕ್ಟರ್ ಇಮ್ಯಾನ್ಯುಯೆಲ್ ದೊರೆಯು 1922ರಲ್ಲಿ ಮುಸೊಲಿನಿಯನ್ನು ತಾನೇ ಕರೆದು ಅಧಿಕಾರವನ್ನು ಕೊಟ್ಟನು. 20 ವರ್ಷಗಳ ಕಾಲ ಆತನ ಶಾಸನಗಳಿಗೆ ಅಂಕಿತ ಹಾಕಿದನು. ಯೆಹೂದ್ಯರನ್ನು ಪೀಡಿಸಿದ 1938ರ ಶಾಸನಗಳಿಗೂ ಅದೇ ಅಂಕಿತ ಬಿದ್ದಿತು. 1943ರ ಸೆಪ್ಟೆಂಬರಿನಲ್ಲಿ ಜರ್ಮನರು ರೋಮಿನ ಮೇಲೆ ಬಂದಾಗ, ಸೈನ್ಯಕ್ಕೂ ಪ್ರಜೆಗೂ ಸರಿಯಾದ ಅಪ್ಪಣೆಯನ್ನು ಕೊಡದೆ, ಮನೆಯವರೊಡನೆ ದಕ್ಷಿಣಕ್ಕೆ ಹೊರಟುಹೋದನು. ಮತದಾನಕ್ಕೆ ಮೂರು ವಾರ ಉಳಿದಿದ್ದಾಗ, ಮೇ 9ರಂದು, ಸಿಂಹಾಸನವನ್ನು ಮಗನಾದ ಉಂಬರ್ತೊವಿಗೆ ಬಿಟ್ಟುಕೊಟ್ಟನು. ತಂದೆಯ ಸಾಲವನ್ನು ಮಗನ ಮುಖ ನೋಡಿ ಜನರು ಮನ್ನಾ ಮಾಡುವರೆಂಬ ಎಣಿಕೆ ಅದರಲ್ಲಿತ್ತು. ಎಣಿಕೆ ಪೂರ್ತಿ ಸುಳ್ಳಾಯಿತೆಂದೂ ಹೇಳಲಾಗದು. ಒಂದು ಕೋಟಿಗೆ ಮಿಕ್ಕ ಜನ ಆ ಮಗನ ಪಕ್ಷಕ್ಕೇ ಮತವಿತ್ತರು.

ಯಾವ ಭಾಗದ ಜನರು ಹಾಗೆ ಮತವಿತ್ತರೆಂಬುದು ಇನ್ನೂ ಬೋಧಪ್ರದವಾದುದು. ಉತ್ತರದ ಟ್ರೆಂಟೊ ಪ್ರಾಂತದಲ್ಲಿ ನೂರಕ್ಕೆ 85 ಮಂದಿ ಗಣರಾಜ್ಯವನ್ನು ಬಯಸಿದರೆ, ದಕ್ಷಿಣದ ನೇಪಲ್ಸಿನಲ್ಲಿ ನೂರಕ್ಕೆ 80ಕ್ಕೆ ಸಮೀಪವಾದ ಜನರು ಅರಸನನ್ನು ಬಯಸಿದರು. ದಕ್ಷಿಣದವರು ವಿದ್ಯೆಯಿಲ್ಲದವರು, ಪಾದ್ರಿಗಳ ಮಾತನ್ನು ಕೇಳುವವರು ಎಂದು ಉತ್ತರದ ಪಂಡಿತರು ಆಗಲೇ ತೀರ್ಪು ಕೊಟ್ಟರು. ನಮಗೆ ಈ ಬಗೆಯ ತೀರ್ಪಿನಲ್ಲಿ ನಂಬಿಕೆ ಸಾಲದು. 1943ರಿಂದ 1945ರವರೆಗೆ ಜರ್ಮನರ ಕೈಕೆಳಗೆ ನರಳಿ, ಬೆಟ್ಟಗಳಲ್ಲಿ ಆಯುಧ ಹಿಡಿದು ಹೋರಾಡಿದವರು ಉತ್ತರದವರು. ಅರಸನು ಓಡಿಹೋದುದರ ಫಲವನ್ನು ಉಂಡವರು ಅವರೇ. ದಕ್ಷಿಣಕ್ಕೆ ಆ ಅರಸನು ಬಂದು ಸೇರಿದನು. ಅಲ್ಲಿ ಯುದ್ಧವು ಬೇಗನೆ ಮುಗಿಯಿತು. ಒಬ್ಬನೇ ಅರಸನು ಒಂದು ಭಾಗದವರಿಗೆ ಬಿಟ್ಟುಹೋದವನಾಗಿಯೂ, ಮತ್ತೊಂದು ಭಾಗದವರಿಗೆ ತಮ್ಮಲ್ಲಿಗೆ ಬಂದವನಾಗಿಯೂ ತೋರಿದನು. ಬಡತನವೂ ಓದಿನ ಕೊರತೆಯೂ ತಮ್ಮ ಪಾಲಿನ ಕೆಲಸ ಮಾಡಿರಬಹುದು. ಆದರೆ ಮನುಷ್ಯರು ತಾವು ಕಂಡುಂಡದ್ದರಿಂದ ಅಭಿಪ್ರಾಯವನ್ನು ಕಟ್ಟಿಕೊಳ್ಳುವರೇ ಹೊರತು ರಾಜ್ಯಶಾಸ್ತ್ರದ ಗ್ರಂಥಗಳಿಂದಲ್ಲ.

ಸೋತ ಉಂಬರ್ತೊ ಜೂನ್ 13ರಂದು ದೇಶವನ್ನು ಬಿಟ್ಟು ಹೊರಟನು. ಎಣಿಕೆಯ ಕ್ರಮವನ್ನು ಕುರಿತು ಆತನು ಆಕ್ಷೇಪಿಸಿದನು. ಆದರೆ ತನ್ನ ಪಕ್ಷದವರನ್ನು ಬೀದಿಗೆ ಎಬ್ಬಿಸಲಿಲ್ಲ. ಗೆದ್ದವರೂ ವಿವೇಕವನ್ನು ತೋರಿದರು. ಗಣರಾಜ್ಯದ ಮೊದಲನೆಯ ಮುಖ್ಯಸ್ಥನಾಗಿ ಅವರು ಆರಿಸಿದ ಎನ್ರಿಕೊ ದೆ ನಿಕೊಲ ಎಂಬವನು ನೇಪಲ್ಸಿನವನು, ಅರಸೊತ್ತಿಗೆಯ ಪಕ್ಷದವನೆಂದು ಹೆಸರಾದವನು. ಸೋತವರ ಮನೆಯಿಂದಲೇ ಒಬ್ಬನನ್ನು ಕರೆದು ಗೆದ್ದವರ ಪೀಠದ ಮೇಲೆ ಕೂರಿಸಿದ ಈ ಔದಾರ್ಯಕ್ಕೆ, ನಮ್ಮ ಅಭಿಪ್ರಾಯದಲ್ಲಿ, 20 ಲಕ್ಷದ ಅಂತರಕ್ಕಿಂತ ಹೆಚ್ಚಿನ ಬಲವಿತ್ತು. ಮಾಜಿ ದೊರೆಗಳೂ ಅವರ ಗಂಡು ಸಂತತಿಯವರೂ ದೇಶದೊಳಗೆ ಕಾಲಿಡಕೂಡದೆಂದು ರಾಜ್ಯಾಂಗದಲ್ಲಿ ಬರೆದು 2002ರವರೆಗೂ ಅದನ್ನು ನಡೆಸಿದ್ದು ಮಾತ್ರ ಆ ಔದಾರ್ಯಕ್ಕೆ ಒಪ್ಪುವ ಕೆಲಸವಾಗಿರಲಿಲ್ಲ. ಹುಟ್ಟದ ಮಕ್ಕಳನ್ನೂ ಗಡೀಪಾರು ಮಾಡುವುದರಿಂದ ಯಾವ ಗಣರಾಜ್ಯವೂ ಬಲಪಡುವುದಿಲ್ಲ.

ಇಟಲಿಯಲ್ಲಿ ನೂರಕ್ಕೆ 54 ಮತಗಳು ಸಾಕಾದವು. ಬೆಲ್ಜಿಯಂ ದೇಶದಲ್ಲಿ 57 ಸಹ ಸಾಕಾಗಲಿಲ್ಲ. ಅಲ್ಲಿಯ ದೊರೆ ಲಿಯೊಪೋಲ್ಡನು 1940ರಲ್ಲಿ ಜರ್ಮನರಿಗೆ ಶರಣಾಗಿ ದೇಶದಲ್ಲಿಯೇ ಉಳಿದನು. ಆತನ ಮಂತ್ರಿಗಳು ಲಂಡನಿಗೆ ಹೋಗಿ ಯುದ್ಧವನ್ನು ಮುಂದುವರಿಸಿದರು. ಯುದ್ಧಾನಂತರ ಆತನು ಮರಳಿ ಬರಬಹುದೋ ಎಂದು 1950ನೆಯ ಇಸವಿ ಮಾರ್ಚ್ 12ರಂದು ಜನರನ್ನು ಕೇಳಿದಾಗ, ನೂರಕ್ಕೆ 57ಕ್ಕೂ ಮಿಕ್ಕವರು ಬರಲಿ ಎಂದರು. ಆದರೆ ಫ್ಲೆಮಿಷ್ ಮಾತನಾಡುವ ಉತ್ತರದಲ್ಲಿ ನೂರಕ್ಕೆ 72, ಫ್ರೆಂಚ್ ಮಾತನಾಡುವ ವಲೋನಿಯದಲ್ಲಿ ಕೇವಲ 42! ಜುಲೈ ತಿಂಗಳಲ್ಲಿ ಆತನು ಬಂದೊಡನೆ ವಲೋನಿಯದ ಗಣಿಗಳೂ ಕಾರ್ಖಾನೆಗಳೂ ನಿಂತವು. ಲೀಯೇಜ್ ನಗರದ ಸಮೀಪದಲ್ಲಿ ಪೊಲೀಸರ ಗುಂಡಿಗೆ ನಾಲ್ವರು ಬಲಿಯಾದರು. ದೇಶವು ಎರಡಾಗುವ ಲಕ್ಷಣಗಳು ಕಂಡುಬಂದ ಮೇಲೆ ದೊರೆಯು ಅಧಿಕಾರವನ್ನು ಮಗನ ಕೈಗೆ ಒಪ್ಪಿಸಿ, ಮರುವರ್ಷ ಸಿಂಹಾಸನವನ್ನೇ ತ್ಯಜಿಸಿದನು. ಲೆಕ್ಕದಲ್ಲಿ ಗೆದ್ದವನು ನಡೆಯಲ್ಲಿ ಸೋತನು. ಅರಸನಿಗೆ ಉಳಿದಿರುವ ಒಂದೇ ಉಪಯೋಗವೆಂದರೆ ಎಲ್ಲರಿಗೂ ಸೇರಿದವನಾಗಿರುವುದು; ಅರ್ಧ ದೇಶಕ್ಕೆ ಮಾತ್ರ ಸೇರಿದ ಅರಸನು ಒಂದು ಪಕ್ಷದ ಮುಖಂಡನಷ್ಟೆ.

ಇದಕ್ಕೆ ಪ್ರತಿಯಾದ ನಿದರ್ಶನವೂ ಉಂಟು. 1905ರಲ್ಲಿ ನಾರ್ವೆ ದೇಶವು ಸ್ವೀಡನ್ನಿನ ಸಂಬಂಧವನ್ನು ಕಡಿದುಕೊಂಡಾಗ ಡೆನ್ಮಾರ್ಕಿನ ರಾಜಕುಮಾರ ಕಾರ್ಲನನ್ನು ಸಿಂಹಾಸನಕ್ಕೆ ಕರೆಯಿತು. ಪಾರ್ಲಿಮೆಂಟಿನ ಕರೆ ಸಾಲದು, ಪ್ರಜೆಗಳನ್ನು ಕೇಳಿ ಎಂದು ಆತನೇ ಹಟ ಹಿಡಿದನು. ಕೇಳಿದರು, 2,59,563 ಮಂದಿ ಒಪ್ಪಿದರು, 69,264 ಮಂದಿ ಒಪ್ಪಲಿಲ್ಲ. ಹೋಕನ್ ಎಂಬ ಹೆಸರನ್ನು ಧರಿಸಿ ಪಟ್ಟವೇರಿದ ಆತನು 1940ರಲ್ಲಿ ಜರ್ಮನರ ಕೈಗೊಂಬೆಯಾದ ಕ್ವಿಸ್ಲಿಂಗನನ್ನು ಪ್ರಧಾನಿಯಾಗಿ ನೇಮಿಸಲಾರೆನೆಂದೂ, ಮಂತ್ರಿಗಳು ಬೇರೆ ಬಗೆದರೆ ತಾನು ಪಟ್ಟವನ್ನು ಬಿಡುವೆನೆಂದೂ ಹೇಳಿದನು. ನಾವು ಗಣರಾಜ್ಯದ ಪಕ್ಷದವರು. ಆದರೂ ಇಂಥ ಅರಸನನ್ನು ಹೊಗಳುವುದಕ್ಕೆ ಸಂಕೋಚಪಡುವುದಿಲ್ಲ.

ಗ್ರೀಸ್ ದೇಶದ ಕಥೆಯನ್ನು ವಿಸ್ತರಿಸುವುದಕ್ಕೆ ಇಲ್ಲಿ ಸ್ಥಳವಿಲ್ಲ. ಅಲ್ಲಿಯ ಜನರನ್ನು ಈ ವಿಷಯದಲ್ಲಿ 1920ರಿಂದ 1974ರೊಳಗೆ ಆರು ಸಲ ಕೇಳಿದರು, ಆರು ಸಲವೂ ಕೇಳಿದವರಿಗೆ ಬೇಕಾದ ಉತ್ತರವೇ ಬಂದಿತೆಂದರೆ ಸಾಕು. 1935ರಲ್ಲಿ ಅರಸನು ಬರಬೇಕೆಂದು ನೂರಕ್ಕೆ 97ಕ್ಕೂ ಹೆಚ್ಚು ಮತಗಳು ಬಿದ್ದವಂತೆ! ನಿರ್ಭಯವಾಗಿ ನಡೆದ ಮತದಾನದಲ್ಲಿ ಇಂಥ ಅಂಕಿಯು ಹುಟ್ಟುವುದಿಲ್ಲವೆಂಬುದನ್ನು ಲೆಕ್ಕ ಬಲ್ಲ ಯಾವ ಶಾನುಭೋಗನಾದರೂ ಹೇಳಿಯಾನು. ಕಡೆಯದಾದ 1974ರ ಡಿಸೆಂಬರ್ 8ರ ಮತದಾನವೇ ಲೋಕವು ಒಪ್ಪಿದ್ದು. ಅಂದು ನೂರಕ್ಕೆ 69 ಮಂದಿ ಗಣರಾಜ್ಯವನ್ನು ಆರಿಸಿದರು. ಪ್ರಧಾನಿಯಾದ ಕರಮನ್ಲಿಸ್ ಯಾವ ಪಕ್ಷವನ್ನೂ ಹಿಡಿಯದೆ ಸುಮ್ಮನಿದ್ದನು.

ಇನ್ನು, ಪ್ರಶ್ನೆಯ ಮಾತು. ಆಸ್ಟ್ರೇಲಿಯದಲ್ಲಿ 1999ನೆಯ ಇಸವಿ ನವೆಂಬರ್ 6ರಂದು ಮತ ತೆಗೆದುಕೊಂಡಾಗ, ಇಂಗ್ಲೆಂಡಿನ ರಾಣಿಯು ತಮ್ಮ ರಾಣಿಯಾಗಿ ಮುಂದುವರಿಯಬೇಕೆಂಬ ಅಕ್ಕರೆ ಅಲ್ಲಿಯ ಬಹುಜನಕ್ಕೆ ಇರಲಿಲ್ಲವೆಂಬುದು ಅಭಿಪ್ರಾಯ ಸಂಗ್ರಹಿಸುವವರೆಲ್ಲ ಹೇಳುತ್ತಿದ್ದ ಮಾತು. ಆದರೂ ನೂರಕ್ಕೆ 55 ಮಂದಿ ಗಣರಾಜ್ಯವನ್ನು ಬೇಡವೆಂದರು. ಆರು ಸಂಸ್ಥಾನಗಳಲ್ಲಿ ಒಂದಾದರೂ ಒಪ್ಪಲಿಲ್ಲ. ಕಾರಣವೇನು? ಗಣರಾಜ್ಯ ಬೇಕೋ ಎಂದಷ್ಟೇ ಕೇಳಲಿಲ್ಲ. ಪಾರ್ಲಿಮೆಂಟಿನ ಮೂರರಲ್ಲಿ ಎರಡು ಪಾಲು ಸದಸ್ಯರು ನೇಮಿಸುವ ಅಧ್ಯಕ್ಷನುಳ್ಳ ಗಣರಾಜ್ಯ ಬೇಕೋ ಎಂದು ಕೇಳಿದರು. ಅಧ್ಯಕ್ಷನನ್ನು ತಾವೇ ಆರಿಸಬೇಕೆನ್ನುತ್ತಿದ್ದ ಗಣರಾಜ್ಯವಾದಿಗಳು ಸಿಟ್ಟಾಗಿ ರಾಣಿಯ ಪಕ್ಷದವರೊಡನೆ ಸೇರಿ ಬೇಡವೆಂದು ಗೀಟು ಹಾಕಿದರು. ರಾಣಿಯ ಪಕ್ಷದವರು ಸಹ ರಾಣಿಯ ಹೆಸರನ್ನು ಹೆಚ್ಚಾಗಿ ಎತ್ತದೆ, ರಾಜಕಾರಣಿಗಳು ತಮಗೆ ಬೇಕಾದ ಅಧ್ಯಕ್ಷನನ್ನು ಮಾಡಿಕೊಳ್ಳುವರೆಂದು ಸಾರಿದರು. ಅರಮನೆಯ ಪ್ರೀತಿಗಿಂತ ವಿಧಾನಸೌಧದ ಅಪನಂಬಿಕೆಯೇ ಅಂದು ಮತಪೆಟ್ಟಿಗೆಯನ್ನು ತುಂಬಿತೆಂದು ನಮ್ಮ ಕಡೆಯ ಮಾತಿನಲ್ಲಿ ಹೇಳಬಹುದು. ನೇಪಾಳದಲ್ಲಿ ಈಗ ಕಾಣುವುದೂ ಬಹುಮಟ್ಟಿಗೆ ಇದೇ ಎಂಬುದು ನಮ್ಮ ಊಹೆ. 2008ರಿಂದೀಚೆಗೆ ಅಲ್ಲಿ ಹನ್ನೆರಡಕ್ಕೂ ಹೆಚ್ಚು ಮಂತ್ರಿಮಂಡಲಗಳು ಬಂದುಹೋದವು. ಬೇಸರವು ಅರಸನ ಮೇಲಿನ ಮೋಹದಂತೆ ಕಾಣುವುದು ಸಹಜ. ಆದರೆ 2025ರ ಸೆಪ್ಟೆಂಬರಿನಲ್ಲಿ ಅಲ್ಲಿಯ ತರುಣರು ರೇಗಿ ಎದ್ದು ಸರ್ಕಾರವನ್ನೇ ಉರುಳಿಸಿದಾಗ, ಆಡಳಿತವನ್ನು ವಹಿಸಿಕೊಂಡವರು ಮುಖ್ಯ ನ್ಯಾಯಾಧೀಶರಾಗಿದ್ದ ಸುಶೀಲಾ ಕಾರ್ಕಿಯವರೇ ಹೊರತು ಜ್ಞಾನೇಂದ್ರರಲ್ಲ. ಇದನ್ನು ಮಾರ್ಚ್ ತಿಂಗಳ ಸಭೆಗಳ ಪಕ್ಕದಲ್ಲಿಟ್ಟು ನೋಡಬೇಕು.

ನಮ್ಮ ದೇಶದವರು ಕೇಳಿದ ಪ್ರಶ್ನೆಯೊಂದನ್ನು ಬಿಟ್ಟರೆ ನ್ಯಾಯವಾಗದು. ಭಾರತದಲ್ಲಿ ಅರಸೊತ್ತಿಗೆಯನ್ನು ಕುರಿತು ಇಡೀ ರಾಜ್ಯವೊಂದರ ಪ್ರಜೆಗಳ ಮತವನ್ನು ನೇರವಾಗಿ ತೆಗೆದುಕೊಂಡದ್ದು ಸಿಕ್ಕಿಮಿನಲ್ಲಿ, 1975ನೆಯ ಇಸವಿ ಏಪ್ರಿಲ್ 14ರಂದು. 59,637 ಮಂದಿ ಒಪ್ಪಿದರು. 1,496 ಮಂದಿ ಒಪ್ಪಲಿಲ್ಲ. ಚೋಗ್ಯಾಲ್ ದೊರೆಯ ಆಳ್ವಿಕೆಯಲ್ಲಿ ಬಹುಸಂಖ್ಯಾತರಾದ ನೇಪಾಳಿ ಮೂಲದ ಪ್ರಜೆಗಳಿಗೆ ಜನಸಂಖ್ಯೆಗೆ ತಕ್ಕ ಪ್ರಾತಿನಿಧ್ಯವಿರಲಿಲ್ಲ. 1974ರ ಚುನಾವಣೆಯಲ್ಲಿ ಸಿಕ್ಕಿಂ ಕಾಂಗ್ರೆಸ್ಸು 32ರಲ್ಲಿ 31 ಸ್ಥಾನಗಳನ್ನು ಗೆದ್ದಿತು. ಜನರ ಅಸಮಾಧಾನವು ನಿಜವಾದುದೇ. ಆದರೆ ಮತದಾನವು ನಡೆದದ್ದು ವಿಧಾನಸಭೆಯ ನಿರ್ಣಯವಾದ ನಾಲ್ಕು ದಿನಗಳಲ್ಲಿ, ಅರಮನೆಯ ಕಾವಲು ಪಡೆಯ ಆಯುಧಗಳನ್ನು ನಮ್ಮ ಸೈನ್ಯವು ಕಸಿದುಕೊಂಡ ಐದನೆಯ ದಿನ. ಅರಸೊತ್ತಿಗೆಯ ರದ್ದತಿಯನ್ನೂ ಭಾರತದೊಡನೆ ವಿಲೀನವನ್ನೂ ಒಂದೇ ಪ್ರಶ್ನೆಯಲ್ಲಿ ಕಟ್ಟಿದ್ದರು. ಅರಸು ಬೇಡ, ಆದರೆ ವಿಲೀನವೂ ಬೇಡ ಎನ್ನುವವನಿಗೆ ಗೀಟು ಹಾಕಲು ಸ್ಥಳವೇ ಇರಲಿಲ್ಲ. ಉತ್ತರವು ಸರಿಯೆಂದೇ ನಾವು ನಂಬಿದರೂ, ಕೇಳಿದ ಬಗೆಯನ್ನು ಮೆಚ್ಚಲಾರೆವು. ಗ್ರೀಕರನ್ನು ಆಕ್ಷೇಪಿಸಿ ನಮ್ಮವರನ್ನು ಬಿಟ್ಟುಬಿಡುವುದು ದೇಶಾಭಿಮಾನವಲ್ಲ.

ಕನ್ನಡಿಗರನ್ನು ಕೇಳಿದ್ದರೆ ಏನಾಗುತ್ತಿತ್ತು? ಈ ಪ್ರಶ್ನೆಯನ್ನು ನಮ್ಮ ವಾಚಕರಲ್ಲಿ ಹಿರಿಯರಾದವರು ಆಗಾಗ ಎತ್ತುವುದುಂಟು. ಮೈಸೂರು ಸಂಸ್ಥಾನದಲ್ಲಿ ಸ್ವಾತಂತ್ರ್ಯದ ಹೋರಾಟಗಾರರು ಬೇಡಿದ್ದು ಮಹಾರಾಜರ ಛತ್ರಛಾಯೆಯಲ್ಲಿ ಜವಾಬ್ದಾರಿ ಸರ್ಕಾರವನ್ನು. ಛತ್ರವನ್ನು ಕಿತ್ತೊಗೆಯಬೇಕೆಂದು ಬಹುಕಾಲ ಯಾರೂ ಕೇಳಲಿಲ್ಲ. 1938ನೆಯ ಇಸವಿ ಏಪ್ರಿಲ್ 25ರಂದು ವಿದುರಾಶ್ವತ್ಥದಲ್ಲಿ ಸಂಸ್ಥಾನದ ಪೊಲೀಸರು ಗುಂಡು ಹಾರಿಸಿ ಪ್ರಜೆಗಳನ್ನು ಕೊಂದಾಗಲೂ ಜನರ ಸಿಟ್ಟು ದಿವಾನರ ಮೇಲೂ ಅಧಿಕಾರಿವರ್ಗದ ಮೇಲೂ ತಿರುಗಿತೇ ಹೊರತು ಕೃಷ್ಣರಾಜ ಒಡೆಯರವರ ಮೇಲೆ ಅಷ್ಟಾಗಿ ತಿರುಗಲಿಲ್ಲ. 1947ರ ಸೆಪ್ಟೆಂಬರಿನ ಮೈಸೂರು ಚಲೋ ಚಳವಳಿಯಲ್ಲಿ ಬೀದಿಬೀದಿಯಲ್ಲಿ ಕೇಳಿಬಂದ ಕೂಗು "ಆರ್ಕಾಟ್ ಬಾಯ್ಕಾಟ್" ಎಂದು. ಅದು ದಿವಾನ್ ಆರ್ಕಾಟ್ ರಾಮಸ್ವಾಮಿ ಮೊದಲಿಯಾರರನ್ನು ಕುರಿತದ್ದು. ದೇವರು ವರ ಕೊಟ್ಟರೂ ಪೂಜಾರಿ ಕೊಡನೆಂಬ ಗಾದೆಯ ಮೇಲೆ ಒಂದು ಸಂಸ್ಥಾನದ ರಾಜಕೀಯವೇ ನಿಂತಿತ್ತು. ಪೂಜಾರಿಯನ್ನು ನೇಮಿಸಿದವರಾರು ಎಂದು ಕೇಳಿದವರು ವಿರಳ. 1881ರಲ್ಲಿಯೇ 144 ಸದಸ್ಯರ ಪ್ರಜಾಪ್ರತಿನಿಧಿ ಸಭೆಯನ್ನು ಕರೆದ ಸಂಸ್ಥಾನದಲ್ಲಿ, ವಿದ್ಯುಚ್ಛಕ್ತಿ, ವಿಶ್ವವಿದ್ಯಾನಿಲಯ, ಕನ್ನಂಬಾಡಿ ಕಟ್ಟೆಗಳನ್ನು ಕಂಡ ಪ್ರಜೆಗಳಲ್ಲಿ, 1947ರಲ್ಲಿ ಮತ ತೆಗೆದುಕೊಂಡಿದ್ದರೆ ಅರಸೊತ್ತಿಗೆಯೇ ಗೆಲ್ಲುತ್ತಿತ್ತೆಂದು ಊಹಿಸುವುದು ತಪ್ಪಾಗಲಾರದು.

ಅದೇ ದಿನ ಅದೇ ಪ್ರಶ್ನೆಯನ್ನು ಕಲಬುರ್ಗಿ, ಬೀದರ, ರಾಯಚೂರುಗಳಲ್ಲಿ ಕೇಳಿದ್ದರೋ? ರಜಾಕಾರರ ಹಾವಳಿಗೆ ಮನೆಮಠಗಳನ್ನು ಬಿಟ್ಟು ಗಡಿಯಾಚೆಯ ಶಿಬಿರಗಳಲ್ಲಿದ್ದ ಕನ್ನಡಿಗರು ನಿಜಾಮರಿಗೆ ಯಾವ ಉತ್ತರವನ್ನು ಕೊಡುತ್ತಿದ್ದರೆಂಬುದನ್ನು ಬರೆದು ತಿಳಿಸಬೇಕಾಗಿಲ್ಲ. ಒಂದೇ ಭಾಷೆ, ಒಂದೇ ಕುಲಾಚಾರ, ಒಂದೇ ಪುರಾಣಗಳ ರಾಜಭಕ್ತಿ. ಉತ್ತರ ಮಾತ್ರ ಎರಡು. ನೇಪಲ್ಸನ್ನೂ ಟ್ರೆಂಟೊವನ್ನೂ ನೋಡಲು ಕನ್ನಡಿಗರು ಇಟಲಿಯವರೆಗೆ ಹೋಗಬೇಕಾದದ್ದಿಲ್ಲ. ಆದರೂ 1950ನೆಯ ಇಸವಿ ಜನವರಿ 26ರಂದು ನಮ್ಮ ರಾಜ್ಯಾಂಗವು ಜಯಚಾಮರಾಜ ಒಡೆಯರವರಿಗೂ ನಿಜಾಮರಿಗೂ ರಾಜಪ್ರಮುಖರೆಂಬ ಒಂದೇ ಬಿರುದನ್ನು ಕೊಟ್ಟಿತು! ರಾಜಕಾರ್ಯದಲ್ಲಿ ಇಂಥ ವಿನೋದಗಳು ಅನಿವಾರ್ಯವೋ ಏನೋ.

ಕೇಳದೆಯೇ ಮಾಡಿದ್ದು ಅನ್ಯಾಯವಾಯಿತೇ ಎಂದರೆ, ಆಗಲಿಲ್ಲವೆಂದೇ ನಾವು ಹೇಳುವೆವು. ಮೈಸೂರಿನ ಪ್ರಜೆಯು ಒಡೆಯರವರಲ್ಲಿ ಇಟ್ಟುಕೊಂಡಿದ್ದದ್ದು ಗೌರವವನ್ನು. ಅವನು 1947ರಲ್ಲಿ ಸೆರೆಮನೆಗೆ ಹೋಗಿ ಕೇಳಿದ್ದು ಅಧಿಕಾರವನ್ನು. ಇವೆರಡೂ ಒಂದನ್ನೊಂದು ಕೊಲ್ಲುವ ವಸ್ತುಗಳಲ್ಲ. ಗೌರವವಿದೆಯೇ ಎಂದು ಕೇಳಿ, ಬಂದ ಉತ್ತರವನ್ನು ಅಧಿಕಾರದ ಖಾತೆಗೆ ಜಮಾ ಮಾಡುವುದೇ ಅರಸೊತ್ತಿಗೆಯ ಪಕ್ಷದವರ ಹಳೆಯ ಲೆಕ್ಕ. ಅಧಿಕಾರ ಬೇಡವೆಂದ ಮಾತ್ರಕ್ಕೆ ಗೌರವವೂ ಹೋಯಿತೆಂದು ಬರೆದುಕೊಳ್ಳುವುದು ಗಣರಾಜ್ಯವಾದಿಗಳ ಲೆಕ್ಕ. ಜಯಚಾಮರಾಜ ಒಡೆಯರವರು ಈ ಭೇದವನ್ನು ಅರಿತವರಾಗಿದ್ದರು. 1947ರ ಅಕ್ಟೋಬರಿನಲ್ಲಿ ಕೆ. ಚೆಂಗಲರಾಯ ರೆಡ್ಡಿಯವರ ಮಂತ್ರಿಮಂಡಲಕ್ಕೆ ಆಡಳಿತವನ್ನು ಒಪ್ಪಿಸಿದರು. 1949ರ ನವೆಂಬರ್ 25ರಂದು ಭಾರತದ ರಾಜ್ಯಾಂಗವನ್ನು ಸಂಸ್ಥಾನಕ್ಕೂ ಅಂಗೀಕರಿಸಿ ಘೋಷಣೆ ಹೊರಡಿಸಿದರು. 1956ರಲ್ಲಿ ಕನ್ನಡ ನಾಡು ಒಂದಾದಾಗ ಅದಕ್ಕೆ ರಾಜ್ಯಪಾಲರಾದರು. ಸಿಂಹಾಸನದಿಂದ ಇಳಿದು ಸರ್ಕಾರದ ನೇಮಕದ ಕುರ್ಚಿಯಲ್ಲಿ ಕೂರುವುದು ಅವಮಾನವೆಂದು ಅವರು ಭಾವಿಸಲಿಲ್ಲ. 1971ರಲ್ಲಿ 26ನೆಯ ತಿದ್ದುಪಡಿಯು ರಾಜಧನವನ್ನೂ ರಾಜರೆಂಬ ಮಾನ್ಯತೆಯನ್ನೂ ತೆಗೆದುಹಾಕಿತು. ವರ್ಷಕ್ಕೆ 26 ಲಕ್ಷ ರೂಪಾಯಿಗಳ ರಾಜಧನವು ನಿಂತದ್ದರಿಂದ ಮೈಸೂರಿನಲ್ಲಿ ದಂಗೆಯೇನೂ ಏಳಲಿಲ್ಲ. ದಸರೆಯ ಮೆರವಣಿಗೆಯಲ್ಲಿ ಅರಸರು ಕೂರುತ್ತಿದ್ದ ಅಂಬಾರಿಯಲ್ಲಿ ಅನಂತರದ ಕಾಲದಲ್ಲಿ ಚಾಮುಂಡೇಶ್ವರಿಯನ್ನು ಕೂರಿಸಿದರು. ನೋಡುವ ಜನ ಕಡಮೆಯಾಗಲಿಲ್ಲ.

ಹಾಗಾದರೆ ಮೈಸೂರಿನವರ ಅಭಿಪ್ರಾಯವು ಎಂದೂ ತಿಳಿಯಲಿಲ್ಲವೇ? ತಿಳಿಯಿತು, ಆದರೆ ಬೇರೆ ದಾರಿಯಿಂದ. ಶ್ರೀಕಂಠದತ್ತ ನರಸಿಂಹರಾಜ ಒಡೆಯರವರನ್ನು ಮೈಸೂರು ಕ್ಷೇತ್ರದ ಮತದಾರರು 1984, 1989, 1996, 1999ರ ಚುನಾವಣೆಗಳಲ್ಲಿ ಲೋಕಸಭೆಗೆ ಕಳುಹಿಸಿದರು. 1991ರಲ್ಲಿ ಅದೇ ಮತದಾರರು ಅವರನ್ನು ಮನೆಗೆ ಕಳುಹಿಸಿ, ದೇವರಾಜ ಅರಸರ ಮಗಳಾದ ಚಂದ್ರಪ್ರಭಾ ಅರಸು ಅವರನ್ನು ಆರಿಸಿದರು. 2004ರಲ್ಲಿ ಮತ್ತೊಮ್ಮೆ ಸೋಲಿಸಿದರು. 2024ರಲ್ಲಿ ಯದುವೀರ ಕೃಷ್ಣದತ್ತ ಚಾಮರಾಜ ಒಡೆಯರವರು ಅದೇ ಕ್ಷೇತ್ರದಲ್ಲಿ ನಿಂತು ಗೆದ್ದರು. ನವರಾತ್ರಿಯಲ್ಲಿ ಅರಮನೆಯ ಖಾಸಗಿ ದರ್ಬಾರಿನಲ್ಲಿ ಸಿಂಹಾಸನವೇರುವವರು, ಲೋಕಸಭೆಯಲ್ಲಿ 543 ಸದಸ್ಯರಲ್ಲಿ ಒಬ್ಬರಾಗಿ ಬೆಂಚಿನ ಮೇಲೆ ಕೂರುವರು. ಅವಧಿ ಮುಗಿದೊಡನೆ ಹೂಟಗಳ್ಳಿಯ ಕಾರ್ಮಿಕನ ಬಾಗಿಲಿಗೂ ಪಿರಿಯಾಪಟ್ಟಣದ ಹೊಗೆಸೊಪ್ಪಿನ ರೈತನ ಬಾಗಿಲಿಗೂ ಮತ ಕೇಳಲು ಹೋಗಬೇಕು.